ಜಿ ಪಟ್ಟಿ, ಝಡ್ ಪಟ್ಟಿ: ನಕ್ಷತ್ರನೌಕೆಗಳ ಕಣ್ಣಿನ ಚರಿತ್ರೆ

ನಾನು ಆಡಿದ ಮೊದಲ ಕಂಪ್ಯೂಟರ್ ಆಟದಲ್ಲಿ ಒಂದು ಚಿತ್ರವೂ ಇರಲಿಲ್ಲ. ಪಿಯುಸಿ ಮುಗಿದ ಬೇಸಿಗೆಯಲ್ಲಿ ಮನೆಯವರು ನನ್ನನ್ನು ಕಂಪ್ಯೂಟರ್ ತರಗತಿಗೆ ಸೇರಿಸಿದ್ದರು. ಅಲ್ಲಿ ಕಲಿಸುತ್ತಿದ್ದದ್ದು ಜಿಡಬ್ಲ್ಯು ಬೇಸಿಕ್. ನಮಗಿಂತ ಮೊದಲು ಕಲಿತು ಹೋದ ಯಾರೋ ಒಂದು ಫ್ಲಾಪಿಯಲ್ಲಿ ‘ಸೂಪರ್ ಸ್ಟಾರ್ ಟ್ರೆಕ್’ ಎಂಬ ಆಟವನ್ನು ಬಿಟ್ಟುಹೋಗಿದ್ದರು. ಗ್ಯಾಲಕ್ಸಿಯಲ್ಲೆಲ್ಲ ತಿರುಗಿ, ಕೊಟ್ಟ ದಿನಗಳೊಳಗೆ ಕ್ಲಿಂಗಾನ್ ಹಡಗುಗಳನ್ನು ಹುಡುಕಿ ಹೊಡೆಯಬೇಕು. ನೌಕೆಯ ದೂರದ ಸೆನ್ಸರನ್ನು ಚಾಲೂ ಮಾಡಿದರೆ ಪರದೆಯ ಮೇಲೆ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಸಂಖ್ಯೆಗಳು ಬರುತ್ತಿದ್ದವು: 004, 207, 015, ಹೀಗೆ.

ಆ ಸಂಖ್ಯೆಗಳನ್ನು ಓದುವ ಕ್ರಮ ತಿಳಿಯಲು ಒಂದು ದಿನ ಹಿಡಿಯಿತು. ನೂರರ ಸ್ಥಾನದಲ್ಲಿರುವುದು ಶತ್ರು ಹಡಗುಗಳ ಲೆಕ್ಕ, ಹತ್ತರ ಸ್ಥಾನದಲ್ಲಿರುವುದು ನಮ್ಮ ತಂಗುನೆಲೆ, ಬಿಡಿಸ್ಥಾನದಲ್ಲಿರುವುದು ನಕ್ಷತ್ರಗಳು. 207 ಎಂದರೆ ಎರಡು ಶತ್ರು ಹಡಗು, ನೆಲೆ ಇಲ್ಲ, ಏಳು ನಕ್ಷತ್ರ. 015 ಎಂದರೆ ಶತ್ರು ಇಲ್ಲ, ಒಂದು ನೆಲೆ, ಐದು ನಕ್ಷತ್ರ. ಒಮ್ಮೆ ಇದು ಗೊತ್ತಾದ ಮೇಲೆ ಆ ಪರದೆ ನನಗೆ ಸಂಖ್ಯೆಗಳ ಪರದೆಯಾಗಿ ಉಳಿಯಲಿಲ್ಲ. ಎಡಗಡೆ 207 ಕಂಡರೆ ಎದೆ ಬಡಿದುಕೊಳ್ಳುತ್ತಿತ್ತು.

ಸತತವಾಗಿ ಸೋತು ಬೇಸತ್ತು ಒಂದು ದಿನ ಕಳ್ಳದಾರಿ ಹಿಡಿದೆ. ಬೇಸಿಕ್ಕಿನಲ್ಲಿ ಒಂದು ಅನುಕೂಲವಿತ್ತು: ಆಟವನ್ನು ನಡುವೆ ನಿಲ್ಲಿಸಿ, ಒಳಗಿನ ಲೆಕ್ಕಗಳನ್ನು ಪರದೆಗೆ ಕರೆಸಿ ನೋಡಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಬಹುದಿತ್ತು. ಶತ್ರುಗಳೆಲ್ಲ ಎಲ್ಲಿ ಅಡಗಿದ್ದಾರೆಂದು ನೇರವಾಗಿ ಯಂತ್ರದ ನೆನಪಿನಿಂದಲೇ ತೆಗೆಯುವುದು ನನ್ನ ಉಪಾಯ. ಒಳಗೆ ಸಿಕ್ಕಿದ್ದು ‘ಜಿ’ ಎಂಬ ಹೆಸರಿನ ಒಂದು ಪಟ್ಟಿ, ಎಂಟು ಸಾಲು ಎಂಟು ಕಂಬ. ಅದರಲ್ಲಿದ್ದದ್ದು 64 ಸಂಖ್ಯೆಗಳು, ಸೆನ್ಸರ್ ತೋರಿಸುವಂಥವೇ ಮೂರಂಕಿಯ ಸಂಖ್ಯೆಗಳು. ಅದಕ್ಕಿಂತ ಹೆಚ್ಚಿಗೆ ಏನೂ ಇರಲಿಲ್ಲ. 207 ಇರುವ ಮನೆಯಲ್ಲಿ ಆ ಎರಡು ಹಡಗುಗಳು ಯಾವ ಮೂಲೆಯಲ್ಲಿವೆ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಸೆನ್ಸರ್ ನನ್ನಿಂದ ಏನೋ ಮುಚ್ಚಿಡುತ್ತಿದೆ ಎಂದು ನಾನು ತಿಳಿದಿದ್ದೆ. ಮುಚ್ಚಿಡಲು ಅಲ್ಲಿ ಏನೂ ಇರಲೇ ಇಲ್ಲ.

ಆ ದಿನದ ಕುತೂಹಲ ನನ್ನನ್ನು ಬಹಳ ಹಿಂದಕ್ಕೆ ಕರೆದೊಯ್ದಿದೆ. ಆಟದ ನಕ್ಷತ್ರನೌಕೆಗಳು ಹೊರಗಿನ ಜಗತ್ತನ್ನು ನೋಡುವ ಬಗೆ ಹೇಗೆ ಬೆಳೆಯಿತು ಎಂಬುದನ್ನು ಹುಡುಕಿಕೊಂಡು ಹೋದರೆ ಮೊದಲು ಸಿಗುವುದು, ವಿಚಿತ್ರವೆಂದರೆ, ಸೆನ್ಸರೇ ಇಲ್ಲದ ಒಂದು ಆಟ.

1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಕಂಪ್ಯೂಟರಿನ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ಸಿದ್ಧಮಾಡಿದರು. ನಡುವೆ ಒಂದು ನಕ್ಷತ್ರ, ಅದರ ಸೆಳೆತಕ್ಕೆ ಸಿಕ್ಕು ಸುತ್ತುವ ಎರಡು ನೌಕೆ, ಆಡುವವರು ಇಬ್ಬರು. ಹಿನ್ನೆಲೆಯಲ್ಲಿ ಪೀಟರ್ ಸ್ಯಾಮ್ಸನ್ ಕೂಡಿಸಿದ ನಿಜವಾದ ಆಕಾಶದ ನಕ್ಷತ್ರಗಳು. ಇಬ್ಬರಿಗೂ ಎಲ್ಲವೂ ಕಾಣುತ್ತದೆ. ಚದುರಂಗದಂತೆ, ಹಾಸಿನ ಮೇಲೆ ಅಡಗಿದ್ದು ಏನೂ ಇಲ್ಲ. ಹಾಗಾಗಿ ನೌಕೆಗೆ ಕಣ್ಣು ಬೇಕಾಗಿರಲಿಲ್ಲ.

ಆದರೆ ಆ ಆಟ ಮೂಡುತ್ತಿದ್ದ ಗುಂಡನೆಯ ಪರದೆ ರೇಡಾರ್ ವಂಶದ್ದು. ಅದರ ಒಳಮೈಗೆ ಬಳಿದಿದ್ದ ಪಿ7 ಎಂಬ ರಂಜಕವನ್ನು ರೂಪಿಸಿದ್ದು ರೇಡಾರಿಗಾಗಿ. ರೇಡಾರಿನ ಕಿರಣ ಒಂದು ಸುತ್ತು ಬರುವವರೆಗೆ ಚುಕ್ಕೆ ಆರಿಹೋಗಬಾರದು. ಅದಕ್ಕೆ ಈ ರಂಜಕ ನೀಲಿಯಾಗಿ ಮಿಂಚಿ, ಆಮೇಲೆ ಹಳದಿ ಹಸಿರಾಗಿ ಕೆಲ ಹೊತ್ತು ಮಿನುಗುತ್ತಲೇ ಇರುತ್ತದೆ. ಸ್ಪೇಸ್‌ವಾರ್ ನೌಕೆಗಳ ಹಿಂದೆ ಹಾಗೆಯೇ ಒಂದು ಮಂಕು ಬಾಲ ಉಳಿಯುತ್ತಿತ್ತು. ನೌಕೆಯೊಳಗೆ ರೇಡಾರ್ ಇರಲಿಲ್ಲ ನಿಜ; ಆದರೆ ಆಡುವವರಿಬ್ಬರೂ ರೇಡಾರಿನ ಮುಂದೆಯೇ ಕೂತಿದ್ದರು.

ನೌಕೆಗೆ ಕಣ್ಣು ಬಂದದ್ದು ಪರದೆ ಇಲ್ಲದ ಬಡತನದಿಂದ. 1971ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮೈಕ್ ಮೇಫೀಲ್ಡ್ ಎಂಬ ಹುಡುಗನಿಗೆ, ಅರ್ವೈನ್‌ನ ವಿಶ್ವವಿದ್ಯಾಲಯದ ಸಿಗ್ಮಾ 7 ಕಂಪ್ಯೂಟರನ್ನು ಬಳಸುವ ಅವಕಾಶ ಹೇಗೋ ಸಿಕ್ಕಿತ್ತು. ಸ್ಪೇಸ್‌ವಾರಿನಂಥ ಆಟ ಬರೆಯುವ ಆಸೆ. ಕೈಗೆ ಸಿಗುತ್ತಿದ್ದದ್ದು ಚಿತ್ರ ಮೂಡಿಸುವ ಪರದೆಯಲ್ಲ, ಟೆಲಿಟೈಪ್. ಟೆಲಿಟೈಪ್ ಎಂದರೆ ತಂತಿಯ ತುದಿಗೆ ಕಟ್ಟಿದ ಒಂದು ಟೈಪ್‌ರೈಟರ್. ಅದು ಸೆಕೆಂಡಿಗೆ ಹತ್ತು ಅಕ್ಷರದಂತೆ ಕಾಗದದ ಮೇಲೆ ಬಡಿಯುತ್ತಾ ಹೋಗುತ್ತದೆ. ಓಡುವ ನೌಕೆಯನ್ನು ಅದರಲ್ಲಿ ತೋರಿಸುವುದು ಆಗದ ಮಾತು. ಗೆಳೆಯರೊಂದಿಗೆ ಕೂತು ಮೇಫೀಲ್ಡ್ ಯೋಚಿಸಿದ. 1969ರಲ್ಲಿ ನಿಂತುಹೋಗಿದ್ದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ನಾಯಕನೂ ಎಷ್ಟೋ ಸಲ ಕಿಟಕಿಯಿಂದ ನೋಡುವುದಿಲ್ಲ; ಸೆನ್ಸರ್ ಏನು ಹೇಳುತ್ತಿದೆ ಎಂದು ಅಧಿಕಾರಿಯನ್ನು ಕೇಳುತ್ತಾನೆ, ಅವರು ಹೇಳುತ್ತಾರೆ. ವರದಿ ಒಪ್ಪಿಸಲು ಟೆಲಿಟೈಪ್ ಧಾರಾಳವಾಗಿ ಸಾಕು.

ಹೀಗೆ ಹುಟ್ಟಿದ ಆಟದಲ್ಲಿ ಗ್ಯಾಲಕ್ಸಿ ಒಂದು ಚದುರಂಗದ ಹಾಸು: ಎಂಟಕ್ಕೆ ಎಂಟು, 64 ಮನೆ. ಪ್ರತಿ ಮನೆಯೊಳಗೆ ಮತ್ತೆ 64 ಸಣ್ಣ ಮನೆ. ನೌಕೆಗೆ ಎರಡು ಕಣ್ಣು. ಹತ್ತಿರದ ಸೆನ್ಸರ್ ತಾನಿರುವ ಮನೆಯ ಒಳಗನ್ನು ಅಕ್ಷರಗಳಲ್ಲಿ ಬಿಡಿಸಿ ತೋರಿಸುತ್ತದೆ. ದೂರದ ಸೆನ್ಸರ್ ತಾನಿರುವ ಮನೆ ಮತ್ತು ಸುತ್ತಲಿನ ಎಂಟು ಮನೆಗಳ ಲೆಕ್ಕವನ್ನಷ್ಟೇ ಕೊಡುತ್ತದೆ. ಹತ್ತಿರದ ಚಿತ್ರಕ್ಕೆ ಪ್ರತಿ ಸಣ್ಣ ಮನೆಗೆ ಮೂರು ಅಕ್ಷರದಂತೆ 192 ಅಕ್ಷರ ಬೇಕು. ಟೆಲಿಟೈಪಿನಲ್ಲಿ ಅದು ಮೂಡಲು ಸುಮಾರು ಇಪ್ಪತ್ತು ಸೆಕೆಂಡು. ಒಂಬತ್ತು ಮನೆಯನ್ನೂ ಹಾಗೆಯೇ ಬಿಡಿಸಿದರೆ ಮೂರು ನಿಮಿಷ. ಮೂರಂಕಿಯ ಸಂಖ್ಯೆಯಾದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯಿತು.

ಯಂತ್ರದ ನೆನಪಿನ ಜಾಗವೂ ಅಷ್ಟೇ ಕಡಿಮೆ. ಹಾಗಾಗಿ ದೂರದ ಮನೆಗಳನ್ನು ಅದು ಒಂದೊಂದು ಸಂಖ್ಯೆಯಾಗಿ ಮಾತ್ರ ಇಟ್ಟುಕೊಂಡಿರುತ್ತದೆ. ನಮ್ಮ ಅಳಗುಳಿಮಣೆಯನ್ನು ನೆನೆಸಿಕೊಳ್ಳಿ. ಗುಳಿಯಲ್ಲಿ ಎಷ್ಟು ಹರಳು ಇದೆ ಎಂಬುದು ಮುಖ್ಯ. ಯಾವ ಹರಳು ಗುಳಿಯ ಯಾವ ಬದಿಗಿದೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಈ ಗ್ಯಾಲಕ್ಸಿಯ ಮನೆಗಳೂ ಹಾಗೆ. ನೌಕೆ ಒಳಗೆ ಕಾಲಿಟ್ಟ ಕ್ಷಣದಲ್ಲಿ ಯಂತ್ರ ಅಷ್ಟು ನಕ್ಷತ್ರ, ಅಷ್ಟು ಹಡಗುಗಳನ್ನು ಮನಬಂದಂತೆ ಹರಡುತ್ತದೆ. ಹೊರಗೆ ಹೋಗಿ ಮತ್ತೆ ಅದೇ ಮನೆಗೆ ಬಂದರೆ ನಕ್ಷತ್ರಗಳು ಜಾಗ ಬದಲಿಸಿರುತ್ತವೆ. ನನ್ನ ಕಳ್ಳತನಕ್ಕೆ ಸಿಗದೆ ಹೋದದ್ದು ಇದೇ ಕಾರಣಕ್ಕೆ.

ಈ ಆಟ ಹರಡಿದ ರೀತಿಯೂ ಒಂದು ಕತೆ. 1972ರಲ್ಲಿ ಮೇಫೀಲ್ಡ್ ಎಚ್‌ಪಿ-35 ಕ್ಯಾಲ್ಕುಲೇಟರ್ ಕೊಂಡು, ಆ ನೆಪದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಸ್ಥಳೀಯ ಮಾರಾಟ ಕಚೇರಿಗೆ ಹೋಗಿಬರುತ್ತಿದ್ದ. ತಮ್ಮ ಯಂತ್ರಕ್ಕೆ ಆಟವನ್ನು ಬರೆದುಕೊಟ್ಟರೆ ಯಂತ್ರ ಬಳಸಲು ಬಿಡುತ್ತೇವೆಂದು ಅಲ್ಲಿಯವರು ಹೇಳಿದರು. ಅಲ್ಲಿಂದ ಅದು ಡೇವಿಡ್ ಆಲ್ ಅವರ ಕೈಗೆ ಬಂದು 1973ರ ಆಟಗಳ ಪುಸ್ತಕ ಸೇರಿತು. 1974ರಲ್ಲಿ ಬಾಬ್ ಲೀಡಮ್ ಅದನ್ನು ತಿದ್ದಿ ಹಿಗ್ಗಿಸಿ ‘ಸೂಪರ್ ಸ್ಟಾರ್ ಟ್ರೆಕ್’ ಮಾಡಿದರು. ಅದನ್ನು ಸೇರಿಸಿಕೊಂಡ ಡೇವಿಡ್ ಆಲ್ ಅವರ 1978ರ ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಕಂಪ್ಯೂಟರ್ ಪುಸ್ತಕವೊಂದಕ್ಕೆ ಆ ಭಾಗ್ಯ ಬಂದದ್ದು ಅದೇ ಮೊದಲು. ಜನ ಆಟವನ್ನು ಅಂಗಡಿಯಲ್ಲಿ ಕೊಳ್ಳಲಿಲ್ಲ. ಪುಸ್ತಕ ನೋಡಿ ಸಾಲುಸಾಲಾಗಿ ಟೈಪ್ ಮಾಡಿಕೊಂಡರು.

ಲೀಡಮ್ ಅವರ ಆ ಸಾಲುಗಳಲ್ಲಿ ‘ಜಿ’ ಪಟ್ಟಿಯ ಜೊತೆಗೆ ಅಷ್ಟೇ ಉದ್ದಗಲದ ಇನ್ನೊಂದು ಪಟ್ಟಿ ಇದೆ. ಅದರ ಹೆಸರು ‘ಝಡ್’. ಆಟದ ಆರಂಭದಲ್ಲಿ ಅದರ ತುಂಬಾ ಸೊನ್ನೆ. ಸೆನ್ಸರ್ ಒಂದು ಮನೆಯನ್ನು ನೋಡಿದೊಡನೆ ಜಿ ಪಟ್ಟಿಯಲ್ಲಿರುವ ಸಂಖ್ಯೆ ಝಡ್ ಪಟ್ಟಿಗೆ ಬಂದು ಕೂರುತ್ತದೆ. ನೌಕೆಯ ಕಂಪ್ಯೂಟರನ್ನು ನಕ್ಷೆ ಕೇಳಿದರೆ ಅದು ತೋರಿಸುವುದು ಝಡ್ಡನ್ನು. ನೋಡದ ಮನೆಗಳಲ್ಲಿ ಬರೀ ಚುಕ್ಕಿಗುರುತು. ಜಿ ಎಂದರೆ ಇರುವುದು. ಝಡ್ ಎಂದರೆ ನಮಗೆ ತಿಳಿದಿರುವುದು. ಆಟದ ಸೆನ್ಸರ್‌ಗಳ ಮುಂದಿನ ಚರಿತ್ರೆಯನ್ನೆಲ್ಲ ಈ ಎರಡು ಪಟ್ಟಿಗಳ ನಡುವಿನ ಅಂತರದ ಚರಿತ್ರೆಯಾಗಿ ಓದಬಹುದು ಎಂದು ನನಗೆ ಅನ್ನಿಸುತ್ತದೆ.

ಈ ಆಟದಲ್ಲಿ ಅಂತರ ಸರಳವಾಗಿತ್ತು. ನೋಡಿದ್ದು ನಿಜ, ನೋಡದಿದ್ದದ್ದು ಗೊತ್ತಿಲ್ಲ. ಸೆನ್ಸರ್ ಕೆಟ್ಟರೆ ಕೆಟ್ಟಿದೆ ಎಂದು ಹೇಳಿ ಸುಮ್ಮನಾಗುತ್ತಿತ್ತೇ ಹೊರತು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವುದನ್ನು ಕಲಿಸಿದವರು ಡಗ್ ನ್ಯೂಬಾಯರ್. ಅಟಾರಿ ಕಂಪನಿಯ ಮನೆಬಳಕೆಯ ಕಂಪ್ಯೂಟರಿಗಾಗಿ ಅವರು 1979ರಲ್ಲಿ ಬರೆದ ‘ಸ್ಟಾರ್ ರೇಡರ್ಸ್’, ಎಂಟು ಕಿಲೋಬೈಟಿನ ಕಾರ್ಟ್ರಿಜ್‌ನೊಳಗೆ ಮೇಫೀಲ್ಡ್ ಗ್ಯಾಲಕ್ಸಿಗೆ ಚಲಿಸುವ ಚಿತ್ರ ಮತ್ತು ಓಡುವ ಗಡಿಯಾರ ಎರಡನ್ನೂ ತಂದಿತು. ಇಲ್ಲಿ ನಕ್ಷೆ ನೋಡುತ್ತಾ ಕೂತರೆ ಕಾಲ ನಿಲ್ಲುವುದಿಲ್ಲ. ನೀವು ಯೋಚಿಸುತ್ತಿರುವಾಗಲೇ ಶತ್ರುಗಳು ಮನೆಯಿಂದ ಮನೆಗೆ ಜರುಗಿ ನಿಮ್ಮ ನೆಲೆಯನ್ನು ಸುತ್ತುವರಿಯುತ್ತಾರೆ.

ಈ ಆಟದಲ್ಲಿ ಉಪಕರಣಗಳು ಕೆಡುವ ರೀತಿ ನನಗೆ ಬಹಳ ಇಷ್ಟ. ರೇಡಿಯೊ ಹಾಳಾದರೆ ಗ್ಯಾಲಕ್ಸಿಯ ನಕ್ಷೆ ಮಾಯವಾಗುವುದಿಲ್ಲ. ಹಿಂದಿನ ಕ್ಷಣದಲ್ಲಿ ಹೇಗಿತ್ತೋ ಹಾಗೆಯೇ ನಿಂತುಬಿಡುತ್ತದೆ. ನಕ್ಷೆ ಕಾಣುತ್ತಲೇ ಇದೆ, ಅದರಲ್ಲಿರುವುದು ಮಾತ್ರ ಹಳಸಿದ ಸುದ್ದಿ. ದೂರದ ಸೆನ್ಸರಿಗೆ ಪೆಟ್ಟು ಬಿದ್ದರೆ ಇನ್ನೂ ಕಷ್ಟ. ಅದು ನಿಜವಾದ ಚುಕ್ಕೆಯ ಜೊತೆಗೆ, ಕನ್ನಡಿಯಲ್ಲಿ ಕಂಡಂತೆ, ಎದುರು ದಿಕ್ಕಿನಲ್ಲಿ ಅದರ ಸುಳ್ಳು ನೆರಳನ್ನೂ ತೋರಿಸುತ್ತದೆ. ಯಾವುದು ನಿಜ ಎಂದು ತಿಳಿಯಲು ಒಂದೇ ದಾರಿ: ಒಂದರ ಕಡೆಗೆ ನೌಕೆ ತಿರುಗಿಸಿ ಹೊರಡಬೇಕು.

ಇದನ್ನು ನಾನು ಬಹುಕಾಲ ಆಟ ಬರೆದವರ ತುಂಟತನವೆಂದೇ ತಿಳಿದಿದ್ದೆ. ನಿಜವಾದ ರೇಡಾರಿನ ಮೊದಲ ದಿನಗಳ ಬಗ್ಗೆ ಓದುವಾಗ ಅದೇ ಕನ್ನಡಿನೆರಳು ಎದುರಾಯಿತು.

1935ರ ಫೆಬ್ರುವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿಯ ಬಳಿ, ಬಿಬಿಸಿಯ ರೇಡಿಯೊ ಅಲೆಗಳು ಹಾರುವ ವಿಮಾನಕ್ಕೆ ತಾಗಿ ಮರಳುವುದನ್ನು ರಾಬರ್ಟ್ ವಾಟ್ಸನ್ ವಾಟ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್ ತೋರಿಸಿಕೊಟ್ಟಿದ್ದರು. ಅದರ ಫಲವಾಗಿ ಕರಾವಳಿಯುದ್ದಕ್ಕೂ ‘ಚೈನ್ ಹೋಮ್’ ಎಂಬ ರೇಡಾರ್ ಕೇಂದ್ರಗಳ ಸಾಲು ಎದ್ದಿತು. ಆ ಕೇಂದ್ರಗಳ ಗೋಪುರಗಳು ತಿರುಗುತ್ತಿರಲಿಲ್ಲ. ಪ್ರತಿಧ್ವನಿ ಸಮುದ್ರದ ಕಡೆಯಿಂದ ಬಂತೋ ಬೆನ್ನ ಹಿಂದಿನ ನೆಲದ ಕಡೆಯಿಂದ ಬಂತೋ ಎಂದು ಬೇರ್ಪಡಿಸುವುದಕ್ಕೆ ಪ್ರತ್ಯೇಕ ಏರ್ಪಾಟು ಬೇಕಿತ್ತು. 1939ರ ಸೆಪ್ಟೆಂಬರ್ 6, ಬ್ರಿಟನ್ ಯುದ್ಧ ಸಾರಿ ಮೂರು ದಿನ. ಎಸೆಕ್ಸ್ ಕರಾವಳಿಯ ಕಡೆ ಶತ್ರು ವಿಮಾನಗಳು ಬರುತ್ತಿವೆ ಎಂಬ ಎಚ್ಚರಿಕೆ ಹೊರಟಿತು. ತಡೆಯಲು ಹರಿಕೇನ್ ವಿಮಾನಗಳು ಮೇಲೆದ್ದವು. ಹಾಗೆ ಎದ್ದ ವಿಮಾನಗಳನ್ನೇ ಶತ್ರುಗಳೆಂದು ತಿಳಿದು ಸ್ಪಿಟ್‌ಫೈರ್ ವಿಮಾನಗಳು ಎರಗಿದವು. ಎರಡು ಹರಿಕೇನ್ ಉರುಳಿದವು. ಒಬ್ಬ ತರುಣ ಪೈಲಟ್ ಸತ್ತ. ಆ ಯುದ್ಧದಲ್ಲಿ ಸತ್ತ ಬ್ರಿಟನ್ನಿನ ಮೊದಲ ಫೈಟರ್ ಪೈಲಟ್ ಅವನು. ಆ ಬೆಳಗ್ಗೆ ಅಲ್ಲಿ ಜರ್ಮನ್ ವಿಮಾನ ಒಂದೂ ಇರಲಿಲ್ಲ. ಕೇಂದ್ರವೊಂದರ ಯಂತ್ರ ಬೆನ್ನ ಹಿಂದಿದ್ದ ವಿಮಾನಗಳನ್ನು ಸಮುದ್ರದ ಮೇಲಿರುವಂತೆ ತೋರಿಸಿತೆಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಚರಿತ್ರೆಯಲ್ಲಿ ಇದಕ್ಕೆ ‘ಬಾರ್ಕಿಂಗ್ ಕ್ರೀಕ್ ಕದನ’ ಎಂಬ ಹೆಸರಿದೆ. ಎದುರಾಳಿಯೇ ಇಲ್ಲದ ಕದನ.

ನ್ಯೂಬಾಯರ್ ಈ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಉಪಕರಣಗಳ ಜೊತೆ ಬದುಕಿದವರಿಗೆಲ್ಲ ತಿಳಿದ ಸಂಗತಿಯೊಂದು ಎಂಟು ಕಿಲೋಬೈಟಿನ ಆಟದೊಳಗೂ ಬಂದು ಸೇರಿತ್ತು: ಕೆಟ್ಟ ಸೆನ್ಸರ್ ಯಾವಾಗಲೂ ಕುರುಡಾಗುವುದಿಲ್ಲ, ಕೆಲವು ಸಲ ಹೆಚ್ಚಿಗೆ ಕಾಣತೊಡಗುತ್ತದೆ.

ರೇಡಾರಿನ ಇನ್ನೊಂದು ಹಳೆಯ ತೊಡಕು ಎತ್ತರ. ಗುಂಡನೆಯ ಪರದೆ ದಿಕ್ಕು ಮತ್ತು ದೂರವನ್ನು ತೋರಿಸುತ್ತದೆ. ಚುಕ್ಕೆ ಎಷ್ಟು ಮೇಲಿದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಬೇರೆ ರೇಡಾರ್ ಬೇಕಾಗುತ್ತಿತ್ತು. ಆಟದಲ್ಲಿ ಈ ತೊಡಕನ್ನು ಬಿಡಿಸಿದವರು ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳಾದ ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬನ್. 1984ರ ಸೆಪ್ಟೆಂಬರಿನಲ್ಲಿ ಬಂದ ಅವರ ‘ಎಲೀಟ್’ ಓಡುತ್ತಿದ್ದದ್ದು 32 ಕಿಲೋಬೈಟ್ ನೆನಪಿನ ಬಿಬಿಸಿ ಮೈಕ್ರೋ ಕಂಪ್ಯೂಟರಿನಲ್ಲಿ. ಅದು ನಮಗೆ ತೀರಾ ಅಪರಿಚಿತ ಯಂತ್ರವಲ್ಲ. ಅದೇ ಹೊತ್ತಿಗೆ ಭಾರತ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಶುರುಮಾಡಿದ ‘ಕ್ಲಾಸ್’ ಯೋಜನೆಗೆ ಆರಿಸಿಕೊಂಡದ್ದೂ ಅದನ್ನೇ.

ಎಲೀಟ್ ಪರದೆಯ ಕೆಳಗೆ ಓರೆಯಾಗಿ ಹಿಡಿದ ತಟ್ಟೆಯಂಥ ಒಂದು ಅಂಡಾಕಾರವಿದೆ. ನಡುವೆ ನಿಮ್ಮ ನೌಕೆ. ಬೇರೆ ನೌಕೆಯೊಂದು ಹತ್ತಿರ ಬಂದರೆ ತಟ್ಟೆಯಿಂದ ಒಂದು ಸಣ್ಣ ಕಡ್ಡಿ ಏಳುತ್ತದೆ, ಕಡ್ಡಿಯ ತುದಿಯಲ್ಲಿ ಚುಕ್ಕೆ. ಕಡ್ಡಿಯ ಬುಡ ದಿಕ್ಕು ಮತ್ತು ದೂರವನ್ನು ಹೇಳುತ್ತದೆ, ಉದ್ದ ಎತ್ತರವನ್ನು ಹೇಳುತ್ತದೆ. ಕಡ್ಡಿ ಮೇಲಕ್ಕಿದ್ದರೆ ನೌಕೆ ನಿಮಗಿಂತ ಮೇಲೆ; ಕೆಳಕ್ಕೆ ಇಳಿಬಿದ್ದಿದ್ದರೆ ಕೆಳಗೆ. ಚಪ್ಪಟೆ ಗಾಜಿನ ಮೇಲೆ ಮೂರು ಆಯಾಮವನ್ನು ಇಷ್ಟು ಕಡಿಮೆ ಗೆರೆಗಳಲ್ಲಿ ಹಿಡಿದದ್ದು ನನಗೆ ಇವತ್ತಿಗೂ ಬೆರಗು. ಸ್ವಲ್ಪ ಹೊತ್ತು ಆಡಿದರೆ ಕಡ್ಡಿ ಮರೆತುಹೋಗಿ, ಬೆನ್ನ ಹಿಂದೆ ಮೇಲುಗಡೆ ಯಾರೋ ಇದ್ದಾರೆ ಎಂಬ ಭಾವನೆ ಮಾತ್ರ ಉಳಿಯುತ್ತದೆ. 2014ರಲ್ಲಿ ಬಂದ ‘ಎಲೀಟ್ ಡೇಂಜರಸ್’ನಲ್ಲಿ ಚಿತ್ರಗಳೆಲ್ಲ ಬದಲಾದವು, ಈ ತಟ್ಟೆ ಮತ್ತು ಕಡ್ಡಿ ಉಳಿದುಕೊಂಡವು.

ಆದರೂ ಎಲೀಟ್ ಸ್ಕ್ಯಾನರ್ ಹೇಳದ ಒಂದು ಮಾತಿದೆ. ಆ ಚುಕ್ಕೆ ವ್ಯಾಪಾರಿಯೋ ದರೋಡೆಕೋರನೋ ಎಂಬುದು. ಅದನ್ನು ತಿಳಿಯಲು ಹತ್ತಿರ ಹೋಗಬೇಕು, ಅಥವಾ ಅವನೇ ಗುಂಡು ಹಾರಿಸುವವರೆಗೆ ಕಾಯಬೇಕು. ಬಾರ್ಕಿಂಗ್ ಕ್ರೀಕ್ ಮೇಲಿನ ಆಕಾಶದಲ್ಲಿ ಸ್ಪಿಟ್‌ಫೈರ್ ಪೈಲಟ್‌ಗಳ ಮುಂದಿದ್ದದ್ದೂ ಅದೇ ಪ್ರಶ್ನೆ. ನೋಡುವುದು ಬೇರೆ, ಗುರುತಿಸುವುದು ಬೇರೆ.

ಇಲ್ಲಿಯವರೆಗಿನ ಆಟಗಳಲ್ಲಿ ಚುಕ್ಕೆಯ ಹಿಂದೆ ಇದ್ದದ್ದು ಯಂತ್ರ. 2003ರಲ್ಲಿ ಐಸ್‌ಲ್ಯಾಂಡಿನಿಂದ ಬಂದ ‘ಈವ್ ಆನ್‌ಲೈನ್’ನಲ್ಲಿ ಚುಕ್ಕೆಯ ಹಿಂದೆ ಮನುಷ್ಯ ಕೂತ. ಅದರಲ್ಲಿ ದಿಕ್ಕು ಹಿಡಿದು ನೋಡುವ ಒಂದು ಸ್ಕ್ಯಾನರ್ ಇದೆ. ಭೂಮಿಗೂ ಸೂರ್ಯನಿಗೂ ಇರುವ ದೂರದ ಹದಿನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅದರ ವ್ಯಾಪ್ತಿ. ಗುಂಡಿ ಒತ್ತಿದರೆ ಸುತ್ತ ಯಾವ ಯಾವ ಬಗೆಯ ನೌಕೆ ಇವೆ ಎಂಬ ಪಟ್ಟಿ ಬರುತ್ತದೆ, ಎಲ್ಲಿವೆ ಎಂಬುದು ಬರುವುದಿಲ್ಲ. ಕೋನವನ್ನು 360 ಡಿಗ್ರಿಯಿಂದ ಕಿರಿದು ಮಾಡುತ್ತಾ 5 ಡಿಗ್ರಿಯವರೆಗೆ ತಂದು, ಪಟ್ಟಿಯಲ್ಲಿ ಹೆಸರು ಉಳಿಯಿತೇ ಹೋಯಿತೇ ಎಂದು ನೋಡಿ ದಿಕ್ಕನ್ನು ತಾವೇ ಊಹಿಸಬೇಕು. ಕತ್ತಲೆಕೋಣೆಯಲ್ಲಿ ಟಾರ್ಚ್ ಆಡಿಸಿದ ಹಾಗೆ.

2009ರ ಮಾರ್ಚಿನಲ್ಲಿ ಆ ಆಟಕ್ಕೆ ಸೇರಿದ ವರ್ಮ್‌ಹೋಲ್ ಪ್ರದೇಶಗಳಲ್ಲಿ ಇನ್ನೊಂದು ಅನುಕೂಲವೂ ತಪ್ಪಿತು. ಬೇರೆಡೆ, ಆ ಸೌರವ್ಯೂಹದಲ್ಲಿ ಯಾರು ಯಾರು ಇದ್ದಾರೆಂದು ಮಾತುಕತೆಯ ಕಿಟಕಿಯೇ ತೋರಿಸಿಬಿಡುತ್ತಿತ್ತು. ಇಲ್ಲಿ ಬಾಯಿಬಿಟ್ಟು ಮಾತಾಡಿದವರ ಹೆಸರು ಮಾತ್ರ ಕಾಣುತ್ತದೆ. ಮರೆಮಾಚಿಕೊಂಡ ನೌಕೆ ಸ್ಕ್ಯಾನರಿಗೂ ಬೀಳುವುದಿಲ್ಲ. ಹಾಗಾಗಿ ಆಡುವವರು ಬೆರಳು ನೋಯುವಷ್ಟು ಸಲ ಗುಂಡಿ ಒತ್ತುತ್ತಾ, ಖಾಲಿ ಪಟ್ಟಿಯನ್ನು ನೋಡುತ್ತಾ, ಅದು ನಿಜವಾಗಿಯೂ ಖಾಲಿಯೇ ಎಂದು ಯೋಚಿಸುತ್ತಾ ಕೂರುತ್ತಾರೆ. ಮತ್ತೊಬ್ಬರ ನೌಕೆಯನ್ನು ನಿಖರವಾಗಿ ಪತ್ತೆಮಾಡಬೇಕಾದರೆ ಶೋಧಕಗಳನ್ನು ಬಿಡಬೇಕು. ಅವು ಎದುರಾಳಿಯ ಸ್ಕ್ಯಾನರಿನಲ್ಲಿ ಕಾಣುತ್ತವೆ. ಹುಡುಕುವವನು ಹುಡುಕುತ್ತಿರುವುದೇ ಗೊತ್ತಾಗಿಬಿಡುತ್ತದೆ. ಇಲ್ಲಿ ಜಿ ಪಟ್ಟಿ ಒಂದೇ, ಆದರೆ ಪ್ರತಿಯೊಬ್ಬರ ಕೈಯಲ್ಲೂ ತಮ್ಮದೇ ಒಂದು ಹರಕು ಝಡ್ ಪಟ್ಟಿ.

ನನ್ನ ಕಳ್ಳದಾರಿಯ ಕತೆಯನ್ನು ಪೂರ್ತಿ ಹೇಳಲಿಲ್ಲ. ನಕ್ಷತ್ರಗಳ ನಿಖರವಾದ ಜಾಗ ಸಿಗದಿದ್ದರೂ, ಶತ್ರುಗಳು ಯಾವ ಯಾವ ಮನೆಯಲ್ಲಿದ್ದಾರೆಂಬ 64 ಸಂಖ್ಯೆ ನನ್ನ ಕೈಯಲ್ಲಿತ್ತು. ಅದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ನೇರ ಆ ಮನೆಗಳಿಗೇ ಹೋಗಿ, ಅವತ್ತೇ ಮೊದಲ ಸಲ ಗೆದ್ದೆ. ಮರುದಿನವೂ ಗೆದ್ದೆ. ಮೂರನೆಯ ದಿನ ಆ ಫ್ಲಾಪಿಯನ್ನು ಮುಟ್ಟಲಿಲ್ಲ. ದೂರದ ಸೆನ್ಸರನ್ನು ಹಾಕುವ ಅಗತ್ಯವೇ ಇರಲಿಲ್ಲ, ಹಾಗಾಗಿ ಎಡಗಡೆ 207 ಕಂಡು ಎದೆ ಬಡಿದುಕೊಳ್ಳುವುದೂ ನಿಂತುಹೋಗಿತ್ತು. ಆಟ ಹಳೆಯದಾಯಿತೆಂದು ಅಂದು ನನಗೆ ನಾನೇ ಹೇಳಿಕೊಂಡೆ.

ಈಗ ಆ ಹಳೆಯ ಆಟವನ್ನು ಮತ್ತೆ ಹುಡುಕಿ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡಿದ್ದೇನೆ. ಕೆಲವು ರಾತ್ರಿ ಊಟವಾದ ಮೇಲೆ ಒಂದು ಸುತ್ತು ಆಡುತ್ತೇನೆ. ಜಿ ಪಟ್ಟಿಯನ್ನು ಹೇಗೆ ತೆರೆಯಬೇಕೆಂಬುದು ಮರೆತಿಲ್ಲ, ಆದರೆ ತೆರೆಯುವುದಿಲ್ಲ. ಮೊದಲು ದೂರದ ಸೆನ್ಸರ್ ಹಾಕುತ್ತೇನೆ, ಒಂಬತ್ತು ಸಂಖ್ಯೆ ಬರುವುದನ್ನು ಕಾಯುತ್ತೇನೆ, ಆಮೇಲೆ ಯಾವ ಕಡೆ ಹೋಗಲಿ ಎಂದು ಯೋಚಿಸುತ್ತೇನೆ. ಹೆಚ್ಚಿನ ರಾತ್ರಿಗಳಲ್ಲಿ ಸೋಲುತ್ತೇನೆ.